ಐದು ಮೆಟ್ಟಿಲೋ, ಆರೋ

ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ನಮ್ಮ ಕನ್ನಡ ಕೂಟದ ಪತ್ರಿಕೆಯ ಪಿಡಿಎಫ್ ಕಳಿಸಬೇಕು. ಚೌತಿಯ ಫೋಟೋ ಇನ್ನೂ ಮೂರು ಜನ ಕಳಿಸಿಲ್ಲ, ಯಾರು ಅಂತ ಅವರಿಗೇ ಗೊತ್ತು. ಈ ಸಲ ಚೌತಿಯ ಬಗ್ಗೆಯೇ ಬರೆಯುವವಳಿದ್ದೆ. ಮಗಳು ಬಿಡಲಿಲ್ಲ.

ಅವಳ ಹಿಸ್ಟರಿ ಟೀಚರ್ ರಜೆಯಲ್ಲಿ ಒಂದು ತರಬೇತಿಗೆ ಹೋಗಿಬಂದಿದ್ದಾರೆ. ವಲಸೆಯ ಪಾಠವನ್ನು ಆ ಕಾಲದ ಕಾಗದಪತ್ರ ಮುಂದಿಟ್ಟುಕೊಂಡು ಹೇಗೆ ಮಾಡುವುದು ಅಂತ ಮೇಷ್ಟ್ರುಗಳಿಗೇ ಪಾಠ. ಹಡಗಿನ ಪ್ರಯಾಣಿಕರ ಪಟ್ಟಿ, ಪತ್ರ, ಫೋಟೋ, ವಿಚಾರಣೆಯ ದಾಖಲೆ, ಹೀಗೆ. ಮೊದಲು ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು. ಆಮೇಲೆ ಯೋಚನೆ. ಆಮೇಲೆ ಪ್ರಶ್ನೆ: ಇದನ್ನು ಬರೆದವರು ಯಾರು, ಯಾರಿಗಾಗಿ, ಏನು ಬಿಟ್ಟಿದ್ದಾರೆ? ಅಮೆರಿಕದ ದೊಡ್ಡ ಸರ್ಕಾರಿ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್ ಶಿಕ್ಷಕರಿಗೆ ಹೇಳಿಕೊಡುವ ಕ್ರಮವೂ ಇದೇ. ನಾವು ಕಲಿತ ಇತಿಹಾಸ ಗೊತ್ತಲ್ಲ, ಪಾಣಿಪತ್ ಕದನದ ಕಾರಣಗಳು ಮತ್ತು ಪರಿಣಾಮಗಳು, ಐದು ಅಂಕ.

ಟೀಚರ್ ಕ್ಲಾಸಿಗೆ ತಂದದ್ದು ಇಲ್ಲೇ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿರುವ ಏಂಜಲ್ ಐಲ್ಯಾಂಡಿನ ವಿಚಾರಣೆಯ ಪ್ರತಿ. ಆ ದ್ವೀಪಕ್ಕೆ ನಾವೆಲ್ಲ ಚಿತ್ರಾನ್ನ ಕಟ್ಟಿಕೊಂಡು ಪಿಕ್ನಿಕ್ಕಿಗೆ ಹೋದವರೇ. 1910ರಿಂದ 1940ರವರೆಗೆ ಅಲ್ಲಿ ವಲಸೆ ಬಂದವರನ್ನು ತಡೆದು ವಿಚಾರಿಸುತ್ತಿದ್ದರು. ತಡೆದವರಲ್ಲಿ ಚೀನೀಯರೇ ಜಾಸ್ತಿ. 1882ರ ಕಾನೂನು ಚೀನೀ ಕೂಲಿಗಳಿಗೆ ಬಾಗಿಲು ಹಾಕಿತ್ತು, ಆದರೆ ಇಲ್ಲಿನ ಪ್ರಜೆಯ ಮಕ್ಕಳು ಬರಬಹುದಿತ್ತು. 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದಾಖಲೆಗಳು ಸುಟ್ಟುಹೋದ ಮೇಲೆ, ಕಾಗದದ ಮೇಲಷ್ಟೇ ಯಾರದೋ ಮಗನಾಗಿ ಬಂದವರು ಎಷ್ಟೋ ಜನ. ಅದಕ್ಕೇ ಅಧಿಕಾರಿಗಳು ಊರಿನ ವಿವರ ಕೆದಕುತ್ತಿದ್ದರು. ಮನೆಗೆ ಎಷ್ಟು ಮೆಟ್ಟಿಲು? ಬಾವಿ ಎಲ್ಲಿದೆ? ನಿಮ್ಮ ಸಾಲಿನಲ್ಲಿ ಎಷ್ಟು ಮನೆ? ಅಪ್ಪ ಹೇಳಿದ್ದಕ್ಕೂ ಮಗ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಬಂದ ದಾರಿಯಲ್ಲೇ ವಾಪಸ್ ಹೋಗಬೇಕಾಗಬಹುದು. ಕಾದು ಕಾದು ಅವರು ಮರದ ಗೋಡೆಯ ಮೇಲೆ ಕೆತ್ತಿದ ಪದ್ಯಗಳು ಇವತ್ತಿಗೂ ಇವೆ. ನಮ್ಮವರಿಗೂ 1917ರಲ್ಲಿ ಬಾಗಿಲು ಹಾಕಿದರು. 1946ರಲ್ಲಿ ತೆರೆದಾಗ ಭಾರತಕ್ಕೆ ಕೊಟ್ಟದ್ದು ವರ್ಷಕ್ಕೆ 100 ಜನ. ನಮ್ಮ ಚೌತಿ ಊಟಕ್ಕೇ ಅದಕ್ಕಿಂತ ಜಾಸ್ತಿ ಎಲೆ ಬಿದ್ದಿತ್ತು.

ಮಗಳು ಅಡುಗೆಮನೆಯಲ್ಲಿ ನನ್ನನ್ನೇ ವಿಚಾರಣೆಗೆ ಕೂರಿಸಿದಳು. "ಅಮ್ಮಾ, ಅಜ್ಜಿ ಮನೆಗೆ ಎಷ್ಟು ಮೆಟ್ಟಿಲಿತ್ತು?"

ಕಾರವಾರಕ್ಕೂ ಅಂಕೋಲೆಗೂ ನಡುವೆ, ಸಮುದ್ರ ಕೇಳುತ್ತಿತ್ತು, ಕಾಣುತ್ತಿರಲಿಲ್ಲ, ಅಂಥಲ್ಲಿ ಇತ್ತು ಆ ಮನೆ. ಚಿರೆಕಲ್ಲಿನ ಮೆಟ್ಟಿಲು. ಮೇ ತಿಂಗಳಲ್ಲಿ ಬಿಸಿಲು ಬೀಳುವ ಕೆಳಗಿನ ಮೆಟ್ಟಿಲ ಮೇಲೆ ಅಜ್ಜಿ ಮುರುಗಲು ಸಿಪ್ಪೆ ಹರವುತ್ತಿದ್ದಳು. ಅದರ ರಸ ಇಳಿದು ಇಳಿದು ಆ ಕಲ್ಲು ಮಳೆಗಾಲದಲ್ಲೂ ಕಪ್ಪುಗೆಂಪಾಗೇ ಇರುತ್ತಿತ್ತು. ಅದನ್ನು ದಾಟಿ ಎರಡನೆಯದಕ್ಕೇ ಕಾಲಿಡಬೇಕು, ಇಲ್ಲದಿದ್ದರೆ ಬೈಗುಳ. ಮೇಲಿನ ಮೆಟ್ಟಿಲು ಮಕ್ಕಳದ್ದು. ಕರಿ ಇಶಾಡು ಮಾವಿನಹಣ್ಣನ್ನು ಹಿಸುಕಿ ಹಿಸುಕಿ ಮೆತ್ತಗೆ ಮಾಡಿ, ತುದಿ ಕಚ್ಚಿ ಚೀಪುತ್ತ ಕೂರುವುದು. ಮೊಣಕೈವರೆಗೂ ರಸ. ಗೊರಟು ಯಾರದು ಬೇಲಿ ದಾಟುತ್ತದೆ ಅಂತ ಪಂದ್ಯ. ಅಜ್ಜ ಬಂದರೆ ಎಲ್ಲರೂ ಸುಮ್ನೆ ಸರಿದು ದಾರಿ ಬಿಡುವುದು. ಆಮೇಲೆ ಯೋಜನೆಗೆ ಆ ಜಾಗ ಹೋಯಿತು. ಯಾವ ಯೋಜನೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಟ್ರಂಕಿನಲ್ಲಿ ಉಳಿದದ್ದು ಪರಿಹಾರದ ಪಟ್ಟಿ. ಫೋಟೋ ನನ್ನ ಫೋನಿನಲ್ಲಿದೆ. ಹೆಂಚಿನ ಮನೆ 1. ಬಾವಿ 1. ತೆಂಗು 14. ಮಾವು 1.

ಮಗಳು ಅದನ್ನು ದೊಡ್ಡದು ಮಾಡಿ ನೋಡಿದಳು. "ಮೆಟ್ಟಿಲು ಬರೆದೇ ಇಲ್ವಲ್ಲ. ಮಾವು ಅಂದ್ರೆ ಯಾವ ಮಾವು?" ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಜಿಐ ಟ್ಯಾಗೇ ಸಿಕ್ಕಿದೆ, ಆ ಕಾಗದದಲ್ಲಿ ಮಾತ್ರ ಅದು ಬರೀ ಮಾವು. ಆಯಿಗೆ ಫೋನ್ ಮಾಡಿದೆವು. ಐದು ಮೆಟ್ಟಿಲು ಅಂದಳು. ಮಾವ ಆರು ಅಂದ. ಅವರಿಬ್ಬರಿಗೂ ವಾಟ್ಸಾಪ್‌ನಲ್ಲಿ ಎರಡು ದಿನದಿಂದ ಜಗಳ. "ಇಬ್ಬರನ್ನೂ ವಾಪಸ್ ಕಳಿಸ್ತಿದ್ರು" ಅಂದಳು ಮಗಳು.

ಈಗ ವಿಷಯಕ್ಕೆ ಬರುತ್ತೇನೆ. ಟೀಚರ್ ತಮ್ಮ ಜೊತೆಯ ಶಿಕ್ಷಕರಿಗೆ ಜನವರಿಯಲ್ಲಿ ಇಂಥದ್ದೇ ಒಂದು ತರಬೇತಿ ಮಾಡುತ್ತಾರಂತೆ. ನಮ್ಮವರ ಮನೆಗಳಲ್ಲಿರುವ ಕಾಗದ ಕೇಳಿದ್ದಾರೆ. ಇನ್‌ಲ್ಯಾಂಡ್ ಲೆಟರ್, ಹಳೇ ಪಾಸ್‌ಪೋರ್ಟ್, ಮೊದಲ ಬಾಡಿಗೆ ರಸೀದಿ, ಏನಿದ್ದರೂ ಆದೀತು. ಪ್ರತಿ ಮಾತ್ರ ಕೊಡಿ, ಮೂಲ ನಿಮ್ಮಲ್ಲೇ ಇರಲಿ. ವಿಳಾಸ, ನಂಬರುಗಳನ್ನು ಮುಚ್ಚಿ ಕೊಡಿ. ಕನ್ನಡ ಪತ್ರಗಳನ್ನು ಇಂಗ್ಲಿಷಿಗೆ ಮಾಡಿಕೊಡಲು ಇಬ್ಬರು ಬೇಕು. ಪ್ರೂಫ್ ನೋಡಲು ಒಬ್ಬರು ಸಿಕ್ಕರೂ ಸಾಕು, ನನ್ನಿಂದ ಒಬ್ಬಳಿಂದ ಆಗುತ್ತಿಲ್ಲ, ನಿಜವಾಗಿ.

ಇನ್ನು ಪ್ರಕಟಣೆಗಳು. ರಾಜ್ಯೋತ್ಸವದ ಮಕ್ಕಳ ತಾಲೀಮು ಪ್ರತಿ ಭಾನುವಾರ ಮೂರಕ್ಕೆ, ಹಿಂದಿನ ಗೇಟಿನಲ್ಲಿ ಕಾರು ನಿಲ್ಲಿಸಬೇಡಿ. ದೀಪಾವಳಿ ಊಟಕ್ಕೆ ಸಿಹಿ ತರುವವರು ಈಗಾಗಲೇ ಒಂಬತ್ತು ಜನ, ಅನ್ನ ತರುವವರು ಯಾರೂ ಇಲ್ಲ. ಯಕ್ಷಗಾನಕ್ಕೆ ಚೆಂಡೆ ಇದೆ, ಬಾರಿಸುವವರು ಶಿರಸಿಗೆ ಹೋಗಿ ಕೂತಿದ್ದಾರೆ. ಕನ್ನಡ ಶಾಲೆಯ ಫೀ ಬಾಕಿ ಇದ್ದವರು ದಯವಿಟ್ಟು ಕೊಟ್ಟುಬಿಡಿ.

ಇಷ್ಟು ಬರೆಯುವಷ್ಟರಲ್ಲಿ ಅಂಕೋಲೆಯಿಂದ ದೊಡ್ಡಮ್ಮನ ವಾಯ್ಸ್ ಮೆಸೇಜ್. ಏಳಂತೆ.