ಹೊಟ್ಟೆಗೆ ಹ್ಯಾಂಡಲ್ ತಾಗಿದ್ರೆ ಗ್ಯಾಸಿನ ಮಾತ್ರೆ ಸಾಲೂದಿಲ್ಲ

ಸಂಪಾದಕರಿಗೆ ನಮಸ್ಕಾರ,

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ನಿಮ್ಮ ಪೇಪರಲ್ಲಿ ಪತ್ರಗಳು ಬರ್ತಾನೇ ಇರ್ತವೆ. ಬರ್ಲಿ, ಬೇಕೇ ಬೇಕು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನ ಕರ್ಕೊಂಡು ಉಡುಪಿ ಕಡೆ ಹೊರಟ ಆಂಬ್ಯುಲೆನ್ಸ್ ಬೈಂದೂರಿನ ಶಿರೂರು ಟೋಲ್ ಗೇಟಲ್ಲಿ ಪಲ್ಟಿಯಾಗಿ ನಾಲ್ಕು ಜನ ಹೋದ್ರಲ್ಲ, ಅದನ್ನ ಮರೆತವರು ಈ ಕಡೆ ಯಾರೂ ಇಲ್ಲ. ಆದ್ರೆ ಕಟ್ಟಡ ಏಳೂ ತನಕ ಕಾಯದೇ ನಾಳೆಯಿಂದಲೇ ಮಾಡೂಕಾಗೋ ಒಂದು ಸಂಗತಿ ಉಂಟು, ಹೊಟ್ಟೆಗೆ ಪೆಟ್ಟು ಬಿದ್ದವರನ್ನ ಒಂದೇ ಸಲ ನೋಡಿ ಮನೆಗೆ ಕಳಿಸದೇ ಇರೋದು, ಅದ್ರ ಬಗ್ಗೆ ಯಾರೂ ಬರೆದದ್ದು ನಾ ಕಾಣ್ಲಿಲ್ಲ, ಅದಕ್ಕೇ ಈ ಪತ್ರ.

ನಾನು ಕುಮಟಾದಲ್ಲಿ ಮೆಡಿಕಲ್ ಶಾಪ್ ನಡೆಸೋನು, ಡಾಕ್ಟ್ರಲ್ಲ. ಮಳೆಗಾಲ ಬಂತು ಅಂದ್ರೆ ಹೈವೇಲಿ ಸ್ಕಿಡ್ಡಾಗಿ ಬಿದ್ದವರು ದಿನಾ ಬರ್ತಾರೆ, ಮೊಣಕೈ ತರಚಿದ್ದಕ್ಕೆ ಆಯಿಂಟ್‌ಮೆಂಟು ಬ್ಯಾಂಡೇಜು ತಕ್ಕೊಂಡು ಕೊನೆಗೆ "ಹೊಟ್ಟೆನೂ ಸ್ವಲ್ಪ ಹಿಡಿದಾಂಗೆ ಆಗ್ತದೆ, ಗ್ಯಾಸಿಂದು ಒಂದು ಕೊಡಿ" ಅಂತಾರೆ. ಆ ಕೊನೇ ಮಾತು ಕೇಳಿದ್ರೆ ನಂಗೆ ಈಗ ಹೆದರಿಕೆ. ಯಾಕಂದ್ರೆ ನಮ್ಮ ಅಕ್ಕನ ಮಗನಿಗೆ ಆದದ್ದು ಹೀಗೇ. ಸ್ಕೂಟರ್ ಜಾರಿ ಹ್ಯಾಂಡಲಿನ ತುದಿ ಹೊಕ್ಕುಳಿಗಿಂತ ಮೇಲೆ ಕುತ್ತಿತು, ಹತ್ತಿರದ ಒಂದು ಆಸ್ಪತ್ರೇಲಿ ಎಕ್ಸ್‌ರೇ ತೆಗ್ದು ಮೂಳೆ ಎಲ್ಲ ಸರಿ ಇದೆ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ರು, ರಾತ್ರಿ ಗಂಜಿ ಊಟ ಮಾಡಿದ, ಮಲಗಿದ, ಮರುದಿನ ಸಂಜೆಗೆ ವಾಂತಿ, ಬೆನ್ನಿಗೆ ಹೊಡೆಯೋ ನೋವು, ಮುಂದೆ ಬಗ್ಗಿ ಕೂತ್ರೆ ಮಾತ್ರ ಸ್ವಲ್ಪ ಕಮ್ಮಿ. ಬೇರೆ ಕಡೆ ಸಿಟಿ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯ್ತು, ಪ್ಯಾಂಕ್ರಿಯಾಸಿಗೆ ಏಟು ಬಿದ್ದು ಅದರ ನಾಳ ಹರಿದಿದೆ ಅಂತ.

ಪ್ಯಾಂಕ್ರಿಯಾಸ್ ಅಂದ್ರೆ ಮೇದೋಜೀರಕ ಗ್ರಂಥಿ, ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಇರ್ತದೆ, ಸುಮಾರು 15 ಸೆಂಟಿಮೀಟರ್ ಉದ್ದ. ಮುಂದಿಂದ ಹ್ಯಾಂಡಲೋ ಕಾರಿನ ಸ್ಟೇರಿಂಗೋ ಒತ್ತಿದ್ರೆ ಅದು ಬೆನ್ನುಮೂಳೆ ಮತ್ತು ಹ್ಯಾಂಡಲಿನ ಮಧ್ಯೆ ಸಿಕ್ಕಿ ಜಜ್ಜಿಹೋಗ್ತದೆ. ಮಕ್ಕಳಲ್ಲಿ ಸೈಕಲ್ ಹ್ಯಾಂಡಲೇ ದೊಡ್ಡ ಕಾರಣ. ಅದು ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಜೀರ್ಣರಸ ಮಾಡ್ತದೆ, ಆ ರಸ ಒಂದು ಸಣ್ಣ ನಾಳದಲ್ಲಿ ಹರಿದು ಪಿತ್ತನಾಳದ ಜೊತೆ ಸೇರಿ ಸಣ್ಣ ಕರುಳಿಗೆ ಹೋಗ್ತದೆ. ನಾಳ ಹರಿದ್ರೆ ಅನ್ನ ಮಾಂಸ ಕರಗಿಸ್ಬೇಕಾದ ರಸ ಹೊಟ್ಟೆ ಒಳಗೇ ಸೋರೂಕೆ ಶುರು. ಮೋಸ ಎಂತದು ಅಂದ್ರೆ ಮೊದಲ ನೋವು ಕೆಲವು ಗಂಟೇಲಿ ಇಳೀಬಹುದು, ಆ ಹೊತ್ತಿಗೆ ಎಲ್ಲ ಸರಿ ಆಯ್ತು ಅಂತ ಮನೆಗೆ ಬರ್ತಾರೆ. ಪ್ಯಾಂಕ್ರಿಯಾಸಿಗೆ ಏಟಾದ್ರೆ ರಕ್ತದಲ್ಲಿ ಏರೋ ಅಮೈಲೇಸ್ ಅನ್ನೋ ಕಿಣ್ವದ ಟೆಸ್ಟೂ ಮೊದಲ ಮೂರು ಗಂಟೇಲಿ ನಾರ್ಮಲ್ ಬರಬಹುದು, ಮೊದಲ ದಿನದ ಸಿಟಿಯೂ ಹಾಗೇ. ಅಮೈಲೇಸ್ ಜಾಸ್ತಿ ಬಂದ ತಕ್ಷಣ ಇದೇ ಅಂತ ಹೇಳೂಕೂ ಆಗೂದಿಲ್ಲ, ದವಡೆಗೆ ಪೆಟ್ಟಾಗಿ ಜೊಲ್ಲಿನ ಗ್ರಂಥಿ ಊದಿದ್ರೂ ಅದು ಏರ್ತದೆ. ಹಾಗಾಗಿ ಒಂದೇ ಸಲ ನೋಡಿ ತೀರ್ಮಾನ ಮಾಡೋ ಹಾಗಿಲ್ಲ, ಕೆಲವು ಗಂಟೆ ಬಿಟ್ಟು ಮತ್ತೆ ಟೆಸ್ಟು, ಮರುದಿನ ಮತ್ತೆ, ನೋವು ಹೋಗ್ಲಿಲ್ಲ ಅಂದ್ರೆ ಮತ್ತೆ ಸಿಟಿ. ಇಷ್ಟೇ ನಾ ಹೇಳೋದು, ಇದಕ್ಕೆ ಕೋಟಿ ರೂಪಾಯಿ ಕಟ್ಟಡ ಬೇಕಾ?

ಇನ್ನೊಂದು, ಪ್ಯಾಂಕ್ರಿಯಾಸ್ ಅಂದ ಕೂಡ್ಲೆ ನಮ್ಮವರ ಬಾಯಲ್ಲಿ ಬರೋದು "ಕುಡೀತಿದ್ನಾ?" ಅಂತ. ಕುಡಿತದಿಂದ ಪ್ಯಾಂಕ್ರಿಯಾಸ್ ಊದೋದು ನಿಜ, ಆದ್ರೆ ಏಟು ತಿಂದ ಹುಡುಗನ ತಾಯಿ ಹತ್ರ ಅದನ್ನ ಕೇಳಿದವರಿಗೆ ಎಂತ ಹೇಳೋದು ಮಾರಾಯ್ರೆ.

ನಾಳಕ್ಕೆ ಏಟಾಗಿದೆ ಅಂತ ಸಂಶಯ ಬಂದ್ರೆ ಮುಂದಿನ ದಾರಿ ಉಂಟು. ಎಮ್‌ಆರ್‌ಸಿಪಿ ಅಂತ ಒಂದು ಎಮ್‌ಆರ್‌ಐ, ಮೈಗೆ ಏನೂ ತೂರಿಸದೇ ನಾಳದ ಚಿತ್ರ ಕೊಡ್ತದೆ, ಆದ್ರೆ ಚಿತ್ರ ಅಷ್ಟೇ, ರಿಪೇರಿ ಆಗೂದಿಲ್ಲ. ನೋಡೋದೂ ರಿಪೇರಿನೂ ಒಟ್ಟಿಗೆ ಆಗೋದು ಇಆರ್‌ಸಿಪಿಯಲ್ಲಿ. ಬಾಯಿಂದ ಎಂಡೋಸ್ಕೋಪ್, ಅಂದ್ರೆ ಕ್ಯಾಮೆರಾ ಇರೋ ಬಗ್ಗೋ ಕೊಳವೆ, ಇಳಿಸಿ, ಜಠರ ದಾಟಿಸಿ, ಸಣ್ಣ ಕರುಳಲ್ಲಿ ನಾಳ ತೆರೆಯೋ ಜಾಗಕ್ಕೆ ತರ್ತಾರೆ, ಆ ಸ್ಕೋಪಿಗೆ ಕ್ಯಾಮೆರಾ ತುದಿಯಲ್ಲಲ್ಲ, ಪಕ್ಕದಲ್ಲಿ ಇರ್ತದೆ. ಅಲ್ಲಿಂದ ತೆಳು ಟ್ಯೂಬ್ ನಾಳಕ್ಕೆ ಹಾಕಿ ಡೈ ಬಿಟ್ಟು ಎಕ್ಸ್‌ರೇಲಿ ನೋಡಿದ್ರೆ ಎಲ್ಲಿ ಸೋರ್ತದೆ ಅಂತ ಕಾಣ್ತದೆ. ಪೂರ್ತಿ ತುಂಡಾಗದೇ ಅರ್ಧ ಹರಿದಿದ್ರೆ ತಂತಿ ದಾಟಿಸಿ ಮೇಲಿಂದ ಪ್ಲಾಸ್ಟಿಕ್ ಸ್ಟೆಂಟ್ ಕೂರಿಸ್ತಾರೆ, ಎರಡು ಮಿಲಿಮೀಟರ್ ಆಸುಪಾಸಿನ ದಪ್ಪ ಅಷ್ಟೇ, ತೋಟದ ಒಡೆದ ಪೈಪಿನೊಳಗೆ ಸಪೂರ ಪೈಪ್ ತೂರಿಸಿದಾಂಗೆ. ರಸ ಸೋರದೇ ಕರುಳಿಗೆ ಹರೀತದೆ, ಹರಿದ ಜಾಗ ಕೂಡ್ಕೊಳ್ತದೆ, ಆಮೇಲೆ ಮತ್ತೆ ಸ್ಕೋಪ್ ಹಾಕಿ ಸ್ಟೆಂಟ್ ತೆಗೀಬೇಕು. ನಮ್ಮ ಹುಡುಗನಿಗೆ ಆದದ್ದು ಇದೇ, ಹೊಟ್ಟೆ ಕೊಯ್ಯದೇ ಮನೆಗೆ ಬಂದ. ಸ್ಟೆಂಟ್ ತೆಗ್ಸೂಕೆ ಹೋಗದೇ ಉಳಿದವರೂ ಇರ್ತಾರಂತೆ, ಅದು ಬ್ಲಾಕಾಗಿ ಸೋಂಕು ಹತ್ತಿ ಹೊಸ ತಾಪತ್ರಯ ಆಗ್ತದೆ.

ಎಲ್ಲದಕ್ಕೂ ಇದೇ ಮದ್ದು ಅಂತ ನಾ ಹೇಳ್ತಿಲ್ಲ. ಒಳಗೆ ರಕ್ತಸ್ರಾವ ಆಗಿ ಬಿಪಿ ಬಿದ್ದವನಿಗೆ ಮೊದಲು ಆಪರೇಷನ್ನೇ. ನಾಳ ಪೂರ್ತಿ ತುಂಡಾಗಿದ್ರೆ ತಂತಿ ದಾಟೂದೇ ಕಷ್ಟ, ಪ್ಯಾಂಕ್ರಿಯಾಸಿನ ಬಾಲದ ಭಾಗ ಕತ್ತರಿಸಿ ತೆಗೀಬೇಕಾಗಬಹುದು, ಜೊತೆಗೆ ಪಕ್ಕದ ಗುಲ್ಮನೂ (ಸ್ಪ್ಲೀನ್) ಹೋದ್ರೆ ಸೋಂಕು ತಡೆಯೋ ಲಸಿಕೆ ಹಾಕಿಸ್ಕೊಳ್ಬೇಕು. ಇಆರ್‌ಸಿಪಿಯಿಂದಲೇ ಪ್ಯಾಂಕ್ರಿಯಾಸ್ ಊದೋ ಅಪಾಯನೂ ಉಂಟು, 100 ಜನರಲ್ಲಿ ಸುಮಾರು 3ರಿಂದ 10 ಜನರಿಗೆ. ಅದನ್ನ ಕಮ್ಮಿ ಮಾಡೂಕೆ ನೋವು-ಊತದ ಮದ್ದಾದ ಡೈಕ್ಲೋಫೆನಾಕ್ ಅಥ್ವಾ ಇಂಡೋಮೆಥಾಸಿನ್ ಸಪೋಸಿಟರಿ ಗುದದ್ವಾರದಲ್ಲಿ ಇಡ್ತಾರೆ, ಇಷ್ಟು ದೊಡ್ಡ ಪ್ರೊಸೀಜರಿಗೆ ಅಷ್ಟು ಅಗ್ಗದ ಮದ್ದು ಕಾವಲು ಅಂತ ಗೊತ್ತಾದಾಗ ಮದ್ದು ಮಾರೋನಾದ ನಂಗೇ ಆಶ್ಚರ್ಯ ಆಯ್ತು. ತಡ ಆಗಿ ರಸ ಒಂದು ಕಡೆ ಚೀಲದಾಂಗೆ ಕಟ್ಟಿದ್ರೂ, ಸಾಮಾನ್ಯವಾಗಿ ನಾಲ್ಕಾರು ವಾರದಲ್ಲಿ ಅದರ ಗೋಡೆ ಗಟ್ಟಿಯಾದ ಮೇಲೆ ಎಂಡೋಸ್ಕೋಪಿಯಲ್ಲೇ ಜಠರದ ಗೋಡೆಯಿಂದ ತೂತು ಮಾಡಿ ಒಳಗೇ ಖಾಲಿ ಮಾಡ್ತಾರೆ.

ಹಾಗಾದ್ರೆ ಕಾರವಾರದ ಮೆಡಿಕಲ್ ಕಾಲೇಜಿಗೆ ಒಂದು ಇಆರ್‌ಸಿಪಿ ಮಷಿನ್ ಕೊಡಿಸಿ ಅಂತ ಬರೀಬಹುದಿತ್ತು, ಫೋಟೋ ತೆಗೆಸ್ಕೊಳ್ಳೂಕೂ ಚಂದ. ಆದ್ರೆ ಇದು ಮಷಿನ್ನಿನ ವಿದ್ಯೆ ಅಲ್ಲ, ಕೈಯ ವಿದ್ಯೆ. 1968ರಲ್ಲಿ ಅಮೆರಿಕದಲ್ಲಿ ಮೊದಲ ಸಲ ಆ ನಾಳಕ್ಕೆ ಸ್ಕೋಪಿನಿಂದ ಟ್ಯೂಬ್ ಹಾಕಿದ್ದು, 1974ರಲ್ಲಿ ಜರ್ಮನಿ, ಜಪಾನಲ್ಲಿ ನಾಳದ ಬಾಯಿ ಕೊಯ್ದು ಬಿಡಿಸೋದು ಕಲಿತದ್ದು, ಅಂದ್ರೆ ಅರ್ಧ ಶತಮಾನ ಹಳೇದು, ಆದ್ರೂ ದಿನಾ ಮಾಡೋ ಕೈಗೂ ಅಪರೂಪಕ್ಕೆ ಮಾಡೋ ಕೈಗೂ ವ್ಯತ್ಯಾಸ ಇದ್ದೇ ಇರ್ತದೆ. ಪಕ್ಕದಲ್ಲಿ ಅನಸ್ತೇಷಿಯಾದವರು, ಸರ್ಜನ್ ಎಲ್ಲ ಬೇಕು. ಆಪರೇಟರ್ ಇಲ್ದೇ ಕವರ್ ಹೊದ್ದು ಕೂತ ಮಷಿನ್‌ಗಳು ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಹೊಸತಲ್ಲ.

ಸದ್ಯಕ್ಕೆ ಆಗ್ಬೇಕಾದ್ದು ಇಷ್ಟು. ಹೊಟ್ಟೆಗೆ ಹ್ಯಾಂಡಲ್ ಅಥ್ವಾ ಸ್ಟೇರಿಂಗ್ ಕುತ್ತಿದ ಗುರುತು ಇದ್ದವರನ್ನ ಎಷ್ಟು ಹೊತ್ತು ಆಸ್ಪತ್ರೇಲೇ ಇಟ್ಕೊಳ್ಬೇಕು, ಯಾವ ಟೆಸ್ಟ್ ಯಾವಾಗ ಮತ್ತೆ ಮಾಡ್ಬೇಕು ಅಂತ ಒಂದು ಹಾಳೆ, ಭಟ್ಕಳದಿಂದ ಜೋಯಿಡಾ ತನಕ ಎಲ್ಲ ತಾಲೂಕು ಆಸ್ಪತ್ರೆಯ ಎಮರ್ಜೆನ್ಸಿ ರೂಮಲ್ಲಿ ಅಂಟಿಸ್ಬೇಕು, ಖಾಸಗಿಯವರಿಗೂ ಕಳಿಸ್ಬೇಕು. ಜೊತೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಈ ನಾಲ್ಕು ದಿಕ್ಕಲ್ಲಿ ಇವತ್ತು ಇಆರ್‌ಸಿಪಿ ಮಾಡೋರು ಎಲ್ಲಿದ್ದಾರೆ, ಬೆಡ್ ಉಂಟಾ ಅಂತ ಆಂಬ್ಯುಲೆನ್ಸ್ ಹೊರಡೋ ಮೊದಲೇ ಫೋನ್ ಮಾಡಿ ಕೇಳೋ ಒಬ್ಬ ಮನುಷ್ಯ ಜಿಲ್ಲಾ ಮಟ್ಟದಲ್ಲಿ ಇರ್ಬೇಕು. ಈಗ ರೋಗಿಯ ಮನೆಯವರೇ ದಾರಿಯಲ್ಲಿ ಫೋನ್ ಹಿಡ್ಕೊಂಡು ಹುಡುಕ್ತಾರೆ, ಒಂದು ಆಸ್ಪತ್ರೇಲಿ ಇಲ್ಲ ಅಂದ್ರೆ ಇನ್ನೊಂದು, ಅದ್ರ ಮೇಲೆ 2024ರಲ್ಲಿ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೈವೇ ಬಂದಾದ ಹಾಗೆ ಆದ್ರೆ ಯಾವ ದಿಕ್ಕಿಗೆ ಹೋಗೋದು ಅಂತನೂ ಅವರೇ ನೋಡ್ಕೊಳ್ಬೇಕು. ಕಳಿಸೋ ಆಸ್ಪತ್ರೆಯವರು ಸ್ಕ್ಯಾನಿನ ಸಿಡಿ ಕೊಡ್ಲಿ, ಬರೀ ರಿಪೋರ್ಟಿನ ಕಾಗದ ಬೇಡ, ಪೆಟ್ಟು ಬಿದ್ದ ಹೊತ್ತು ಚೀಟಿಯಲ್ಲಿ ಬರೀಲಿ.

ಈ ಹಾಳೆ ಯಾರು ಬರೀತಾರೆ, ಯಾವಾಗ ಬರ್ತದೆ ಅಂತ ಜಿಲ್ಲಾ ಆರೋಗ್ಯ ಇಲಾಖೆಯವರು ನಿಮ್ಮ ಪೇಪರಲ್ಲೇ ಉತ್ತರ ಕೊಡ್ಲಿ. ಬಂದ್ರೆ ನಮ್ಮ ಅಂಗಡಿ ಕೌಂಟರ್ ಮೇಲೂ ಒಂದು ಪ್ರತಿ ಇಡ್ತೇನೆ, ಜೆರಾಕ್ಸ್ ಖರ್ಚು ನಂದೇ.

ಇಂತಿ,
ಮೆಡಿಕಲ್ ಶಾಪಿನ ಒಬ್ಬ ಓದುಗ, ಕುಮಟಾ