ಹಂಪಿಗೆ ಹೊರಟವರಿಗೆ ಹೊಸಪೇಟೆಯಲ್ಲೇ ದಾರಿ ಹೇಳಿ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,

ಹೊಸಪೇಟೆಯಿಂದ ನಮಸ್ಕಾರಗಳು.

ನಾನು ಇದೇ ಊರಿನವನು. ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಯಾರಾದರೂ ಬಂದು "ಹಂಪಿ ಬಸ್ ಎಲ್ಲಿ ನಿಲ್ಲುತ್ತೆ?" ಅಂತ ಕೇಳುತ್ತಾರೆ. ಹೋದ ಏಪ್ರಿಲ್‌ನಲ್ಲಿ ಹಾಸನ ಕಡೆಯ ಒಂದು ಕುಟುಂಬ ಹಾಗೇ ಕೇಳಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ 70 ದಾಟಿದ ಅಜ್ಜಿ. ಆಗಲೇ ಬೆಳಿಗ್ಗೆ 11 ಗಂಟೆ. ಬಸ್ ತೋರಿಸಿ ಕಳಿಸಿದೆ. ಸಂಜೆ ಅದೇ ಜಾಗದಲ್ಲಿ ಮತ್ತೆ ಸಿಕ್ಕರು. ಮಕ್ಕಳು ಬಾಡಿ ಹೋಗಿದ್ದವು. "ಕಲ್ಲಿನ ತೇರು ನೋಡಿದ್ರಾ, ಅಜ್ಜಿ?" ಅಂದೆ. "ಎಲ್ಲಪ್ಪಾ, ಅಷ್ಟು ದೂರ ನಡೆಯೋಕೆ ಆಗ್ಲಿಲ್ಲ" ಅಂದರು. 50 ರೂಪಾಯಿ ನೋಟಿನ ಮೇಲಿರುವ ಆ ತೇರನ್ನು ನೋಡಲೆಂದೇ ಅವರು ರಾತ್ರಿಯಿಡೀ ಕೂತು ಬಂದಿದ್ದರು.

ವಿರೂಪಾಕ್ಷ ಗುಡಿ ಹತ್ತಿರ ಇಳಿದರೆ ತೇರು ಅಲ್ಲೇ ಪಕ್ಕದಲ್ಲಿರುತ್ತೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ತೇರಿರುವ ವಿಠ್ಠಲ ಗುಡಿಗೆ ತುಂಗಭದ್ರಾ ಹೊಳೆ ದಂಡೆಯ ಕಲ್ಲುದಾರಿಯಲ್ಲಿ ಸುಮಾರು 2 ಕಿ.ಮೀ. ನಡೆಯಬೇಕು. ಗಾಡಿಯಲ್ಲಿ ಹೋಗುವವರು ಕಮಲಾಪುರ ಸುತ್ತಿಕೊಂಡು ಹೋಗಬೇಕು. ಗುಡಿಗೆ ಇನ್ನೂ ಸುಮಾರು 1 ಕಿ.ಮೀ. ಇರುವಾಗಲೇ ಗಾಡಿ ನಿಲ್ಲಿಸಿ, ಅಲ್ಲಿಂದ ಬ್ಯಾಟರಿ ಗಾಡಿ ಹತ್ತಬೇಕು. ಅಜ್ಜಿಗೆ ಇಷ್ಟು ಗೊತ್ತಿದ್ದಿದ್ದರೆ ಕೂತುಕೊಂಡೇ ಹೋಗಿ ತೇರು ನೋಡುತ್ತಿದ್ದರು. ಬಸ್ ತೋರಿಸಿದ ನನಗೂ ಇದನ್ನು ಹೇಳಬೇಕು ಅಂತ ಹೊಳೆಯಲಿಲ್ಲ. ಅದು ಇವತ್ತಿಗೂ ಮನಸ್ಸು ಕೊರೆಯುತ್ತದೆ.

ಅದಕ್ಕೇ ನಿಮ್ಮಲ್ಲಿ ಒಂದೇ ಕೋರಿಕೆ. ಹೊಸಪೇಟೆಯ ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣದಲ್ಲಿ, ಜನ ಹೊರಡುವ ಮುಂಚೆಯೇ ಕಣ್ಣಿಗೆ ಬೀಳುವಂತೆ ದೊಡ್ಡ ಅಕ್ಷರದ ಫಲಕ ಹಾಕಿಸಿ. ಅದನ್ನೇ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೈಗೆ ಕೊಡಿಸಿ. ರಾಜರ ವಂಶಾವಳಿ ಅದರಲ್ಲಿ ಬೇಡ. 1336ರಿಂದ 1565ರವರೆಗಿನ ವಿಜಯನಗರದ ಕಥೆ ಹೇಳೋಕೆ ಗೈಡುಗಳಿದ್ದಾರೆ, ಚೆನ್ನಾಗಿಯೇ ಹೇಳುತ್ತಾರೆ. ಹಾಳೆ ಹೇಳಬೇಕಾದ್ದು ಬೇರೆ.

ಮೊದಲ ಮಾತು, ಹಂಪಿ ದೊಡ್ಡ ರಾಜಧಾನಿಯಾಗಿದ್ದ ಊರು. 40 ಚದರ ಕಿ.ಮೀ.ಗೂ ಜಾಸ್ತಿ ಹರಡಿದೆ. ಒಂದೇ ದಿನದಲ್ಲಿ ಎಲ್ಲ ನೋಡುತ್ತೇವೆ ಅಂತ ಹೊರಟರೆ ಯಾವುದನ್ನೂ ನೋಡಿದಂತಾಗಲ್ಲ. ಎರಡು ದಿನ ಇಟ್ಟುಕೊಳ್ಳಿ ಅಂತ ನೇರವಾಗಿ ಹೇಳಲಿ. ಒಂದೇ ದಿನ ಇರುವವರು ಬೆಳಗಿನ ತಂಪಿನಲ್ಲಿ ವಿಠ್ಠಲ ಗುಡಿಗೆ ಹೋಗಲಿ. ಅಲ್ಲಿನ ಟಿಕೆಟ್ ಅದೇ ದಿನ ಕಮಲ ಮಹಲ್ ಮತ್ತು ಆನೆಸಾಲಿಗೂ ನಡೆಯುತ್ತದೆ. ಇದು ಗೊತ್ತಿಲ್ಲದೆ ಟಿಕೆಟ್ ಎಸೆದು ಮತ್ತೆ ದುಡ್ಡು ಕೊಡುವವರನ್ನು ನೋಡಿದ್ದೇನೆ. ಬಿಸಿಲು ಏರಿದಾಗ ಕಮಲಾಪುರದ ಮ್ಯೂಸಿಯಂ ಒಳ್ಳೆಯದು. ಅಂಗಳದಲ್ಲಿ ಇಡೀ ಹಂಪಿಯ ಮಾದರಿ ಇದೆ. ಅದನ್ನೊಮ್ಮೆ ಸುತ್ತಿ ಬಂದರೆ ಹೊಳೆ ಎಲ್ಲಿ, ಗುಡ್ಡ ಎಲ್ಲಿ, ಅರಮನೆ ಇದ್ದ ಜಾಗ ಎಲ್ಲಿ ಅಂತ ಮಕ್ಕಳಿಗೂ ತಿಳಿಯುತ್ತದೆ. ಶುಕ್ರವಾರ ಮಾತ್ರ ರಜೆ. ಸಂಜೆಗೆ ಹೇಮಕೂಟ ಗುಡ್ಡ. ವಯಸ್ಸಾದವರೂ ನಿಧಾನಕ್ಕೆ ಹತ್ತಬಹುದು. ಮಾತಂಗ ಬೆಟ್ಟ ಕಡಿದು, ಅದನ್ನು ಕತ್ತಲಲ್ಲಿ ಒಬ್ಬರೇ ಹತ್ತುವುದು ಬೇಡ. ನೀರು, ಟೋಪಿ ಜೊತೆಗಿರಲಿ. ಏಪ್ರಿಲ್, ಮೇನಲ್ಲಿ ಇಲ್ಲಿನ ಬಂಡೆಗಳು ಕಾದ ಹೆಂಚು.

ಹೊಳೆಯ ವಿಷಯಕ್ಕೆ ಜಾಸ್ತಿ ಗಮನ ಕೊಡಿ, ಸಾರ್. ಆನೆಗೊಂದಿ ಊರು, ಅಂಜನಾದ್ರಿ ಬೆಟ್ಟ ಆಚೆ ದಂಡೆಯಲ್ಲಿವೆ, ಕೊಪ್ಪಳ ಜಿಲ್ಲೆಗೆ ಸೇರಿವೆ. ಬಂದವರಿಗೆ ಜಿಲ್ಲೆಯ ಗಡಿ ಕಾಣಲ್ಲ, ಹೊಳೆ ಮಾತ್ರ ಕಾಣುತ್ತದೆ. ಡ್ಯಾಮಿನಿಂದ ನೀರು ಬಿಟ್ಟಾಗ ದಂಡೆಯ ಪುರಂದರ ಮಂಟಪವೇ ಮುಳುಗುತ್ತದೆ, ದಾಟಲು ಆಗಲ್ಲ. ದಂಡೆಗೆ ಹೋಗಿ ಇದನ್ನು ತಿಳಿದುಕೊಂಡವರು ಮತ್ತೆ ರಸ್ತೆಯಲ್ಲಿ ಸುತ್ತು ಹಾಕಿ ಹೋಗಬೇಕು. ಅರ್ಧ ದಿನ ಅಲ್ಲೇ ಹೋಯಿತು. ಇವತ್ತು ಹರಿಗೋಲು, ದೋಣಿ ಇದೆಯೋ ಇಲ್ಲವೋ ಅನ್ನುವ ಒಂದು ಸಾಲನ್ನು ದಿನಾ ಬೆಳಿಗ್ಗೆ ಆ ಫಲಕದಲ್ಲಿ ಬರೆಸಬಹುದು, ಅಲ್ವಾ? ನಮ್ಮ ವಿಜಯನಗರ, ಆಚೆಯ ಕೊಪ್ಪಳ, ಎರಡೂ ಜಿಲ್ಲೆಯವರು ಕೂತು ಮಾತಾಡಿದರೆ ಆಗುವ ಕೆಲಸ ಇದು.

ಹಾಳೆ ಬರೆಯುವವರು ಒಂದು ದಿನ ನಿಲ್ದಾಣದಲ್ಲಿ ಬಂದು ನಿಲ್ಲಲಿ. ಆಟೋದವರನ್ನು, ಬ್ಯಾಟರಿ ಗಾಡಿ ಓಡಿಸುವ ಹೆಣ್ಣುಮಕ್ಕಳನ್ನು, ಎಳನೀರು ಮಾರುವವರನ್ನು ಕೇಳಲಿ. ಜನ ಏನು ಕೇಳುತ್ತಾರೆ, ಎಲ್ಲಿ ದಾರಿ ತಪ್ಪುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠ. ಕನ್ನಡದಲ್ಲೇ ಮೊದಲು ಬರೆಸಿ, ಆಮೇಲೆ ತೆಲುಗು, ಹಿಂದಿ, ಇಂಗ್ಲಿಷ್.

ಡಿಸೆಂಬರ್ ಬಂದರೆ ಶಾಲೆ ಮಕ್ಕಳ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಅಷ್ಟರೊಳಗೆ ಫಲಕ ನಿಲ್ಲಲಿ. ಹಾಳೆ ಹಂಚೋಕೆ ಜನ ಬೇಕಿದ್ದರೆ ಭಾನುವಾರ ಬೆಳಿಗ್ಗೆ ನಾನು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹೊಸಪೇಟೆಯ ಒಬ್ಬ ನಿವಾಸಿ