ರೀಲ್ ಬಗ್ಗೆ ಬರೆದಂತೆ ಫೈಲ್ ಬಗ್ಗೆಯೂ ಬರೆಸಿ

ಮಾನ್ಯ ಸಂಪಾದಕರೇ,

ಸಣ್ಣ ಡಿಸೈನರ್‌ಗಳು ಬೆಳೆಯಬೇಕಾದರೆ ದಿನಕ್ಕೊಂದು ರೀಲ್ ಹಾಕಲೇಬೇಕು ಎಂಬ ಲೇಖನ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಏಳು ವರ್ಷದಿಂದ ಮನೆಯಲ್ಲೇ ಕೂತು ಇದೇ ಕೆಲಸ ಮಾಡುತ್ತಿದ್ದೇನೆ. ಆ ಮಾತು ನಂಬಿ ಸುಸ್ತಾದವರನ್ನು ನೋಡಿದ್ದೇನೆ, ಅದಕ್ಕೇ ಈ ಪತ್ರ.

ನಾನೂ ಒಂದು ವರ್ಷ ಹಾಗೇ ಮಾಡಿದೆ. ಎದ್ದ ಕೂಡಲೇ ಇನ್‌ಸ್ಟಾಗ್ರಾಂ. ಲೈಕ್ ಬಂದವು, ಫಾಲೋವರ್‌ಗಳೂ ಹೆಚ್ಚಿದರು. ಕೈಗೆ ಬಂದ ಕೆಲಸ ಮಾತ್ರ ಬೆರಳೆಣಿಕೆಯಷ್ಟು. ನೋಡುತ್ತಿದ್ದವರಲ್ಲಿ ಜಾಸ್ತಿ ಜನ ನನ್ನ ಹಾಗೆ ಡಿಸೈನರ್‌ಗಳೇ.

ಆಮೇಲೆ ಪಿಂಟರೆಸ್ಟ್ ಹಿಡಿದೆ, ಚಿತ್ರಗಳನ್ನು ಹುಡುಕಿ ಉಳಿಸಿಕೊಳ್ಳುವ ತಾಣ ಅದು. ಇನ್‌ಸ್ಟಾಗ್ರಾಂ, ಪಿಂಟರೆಸ್ಟ್ ಎರಡೂ 2010ರಲ್ಲಿ ಶುರುವಾದವು, ಎರಡರಲ್ಲೂ ಚಿತ್ರವೇ ಬಂಡವಾಳ. ಆದರೆ ಪಿಂಟರೆಸ್ಟ್‌ಗೆ ಬರುವವರು ಏನನ್ನೋ ಹುಡುಕಿಕೊಂಡು ಬರುತ್ತಾರೆ. ಚಿತ್ರದ ಜೊತೆ ಕೊಟ್ಟ ಲಿಂಕ್ ಒತ್ತಿದರೆ ನಾವು ಮಾರುವ ಪುಟಕ್ಕೇ ಬಂದು ಇಳಿಯುತ್ತಾರೆ. ಹಾಗಾಗಿ ಚಿತ್ರದ ಕೆಳಗೆ 'ಹೊಸ ಕೆಲಸ' ಎಂದು ಬರೆಯುವುದು ಬಿಟ್ಟು, 'ಗೋಡೆಗೆ ಅಂಟಿಸುವ ತಿಂಗಳ ಪ್ಲಾನರ್' ಎಂದು ಬರೆದೆ. ಹುಡುಕುವವರು ಟೈಪ್ ಮಾಡುವುದು ಅದನ್ನೇ ಅಲ್ವಾ? ಚಿತ್ರವನ್ನು 1000 x 1500 ಪಿಕ್ಸೆಲ್‌ನಲ್ಲಿ ಉದ್ದಕ್ಕೆ ಮಾಡಿದೆ. ಮೂರು ವರ್ಷದ ಹಿಂದೆ ಹಾಕಿದ ಆ ಒಂದು ಚಿತ್ರದಿಂದ ಈಗಲೂ ವಾರಕ್ಕೊಬ್ಬರಾದರೂ ಬರುತ್ತಾರೆ.

ಬಂದವರ ಕೈಗೆ ಏನು ಕೊಡುತ್ತೇವೆ ಎನ್ನುವುದನ್ನು ಲೇಖನ ಮುಟ್ಟಲೇ ಇಲ್ಲ. ನಾನು ಮಾರುವುದು ಪ್ಲಾನರ್, ಪ್ಯಾಟರ್ನ್, ಕಾರ್ಡ್‌ಗಳ ಟೆಂಪ್ಲೇಟ್, ಅಂದರೆ ಕೊಂಡವರು ತಮ್ಮ ಹೆಸರು, ವಿವರ ತುಂಬಿ ಪ್ರಿಂಟ್ ಮಾಡಿಕೊಳ್ಳುವ ಫೈಲ್. ಒಮ್ಮೆ ಮಾಡಿದ್ದನ್ನು ನೂರು ಸಲ ಮಾರಬಹುದು, ನಿಜ. ತಪ್ಪಿದ್ದರೆ ಆ ತಪ್ಪೂ ನೂರು ಮನೆಗೆ ಹೋಗುತ್ತದೆ.

ಮೊದಲ ಕಾರ್ಡ್ ಟೆಂಪ್ಲೇಟ್ ಕೊಂಡವರು ಕಳಿಸಿದ ಫೋಟೊ ಇನ್ನೂ ಕಣ್ಣಮುಂದಿದೆ. ನಾನು ಬಳಸಿದ್ದ ಫಾಂಟ್ ಅವರ ಕಂಪ್ಯೂಟರಿನಲ್ಲಿ ಇರಲಿಲ್ಲ. ಹೆಸರು ಎರಡು ಸಾಲಾಗಿ ಒಡೆದು, ಕೊನೆಯ ಅಕ್ಷರ ಹೂಬಳ್ಳಿಯ ಮೇಲೆ ಹೋಗಿ ಕೂತಿತ್ತು. ಅಂಚಿಗೆ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸುವ ಗೆರೆಯಾಚೆಗೂ ಬಣ್ಣ ಚಾಚುವ ಜಾಗ, ಬಿಡುವುದನ್ನೂ ಮರೆತಿದ್ದೆ. ಕತ್ತರಿಸಿದಾಗ ಒಂದು ಬದಿಯಲ್ಲಿ ಬಿಳಿ ಗೆರೆ ಉಳಿದಿತ್ತು. ಅವರು ಬೈಯಲಿಲ್ಲ. 'ಇದನ್ನು ಹೇಗೆ ಸರಿ ಮಾಡಿಕೊಳ್ಳಲಿ?' ಎಂದು ಕೇಳಿದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ದುಡ್ಡು ವಾಪಸ್ ಕೊಟ್ಟೆ, ಫೈಲನ್ನು ಮೊದಲಿನಿಂದ ಮಾಡಿ ಕಳಿಸಿದೆ. ಈಗ ಬೇರೆಯವರ ಕಂಪ್ಯೂಟರಿನಲ್ಲಿ ತೆರೆದು, ಒಂದು ಪ್ರಿಂಟ್ ತೆಗೆದು, ಕತ್ತರಿಸಿ ನೋಡದೆ ಏನನ್ನೂ ಮಾರುವುದಿಲ್ಲ. ಫೈಲಿನೊಳಗಿನ ಪದರಗಳಿಗೆ ತಂತಾನೇ ಬರುವ 'ಲೇಯರ್ 27' ಎಂಬಂಥ ಹೆಸರಿದ್ದ ಕಡೆ 'ಹೆಸರು ಇಲ್ಲಿ ಬರೆಯಿರಿ' ಎಂದಿರುತ್ತದೆ. ಅದೇ ಗ್ರಾಹಕರು ಎಂಟು ತಿಂಗಳ ಮೇಲೆ ವ್ಯಾಪಾರ ಶುರುಮಾಡಿದಾಗ ಲೋಗೊದಿಂದ ಡಬ್ಬಿಯ ಲೇಬಲ್‌ವರೆಗೆ ಎಲ್ಲ ಕೆಲಸವನ್ನೂ ನನಗೇ ಕೊಟ್ಟರು.

ಲೈಸೆನ್ಸ್ ವಿಷಯವೂ ಇದೆ. ಉಚಿತವಾಗಿ ಸಿಕ್ಕಿತು ಎಂದು ಯಾವ ಫಾಂಟನ್ನಾದರೂ ಟೆಂಪ್ಲೇಟಿನ ಜೊತೆ ಕಟ್ಟಿ ಮಾರುವಂತಿಲ್ಲ. ಎಷ್ಟೋ ಫಾಂಟ್‌ಗಳು ಸ್ವಂತ ಬಳಕೆಗೆ ಮಾತ್ರ. ಯಾರು ಬೇಕಾದರೂ ಬಳಸಿ ಹಂಚಲು ಬಿಡುವ ಓಪನ್ ಫಾಂಟ್ ಲೈಸೆನ್ಸ್ ಇರುವುದನ್ನೂ ಬರೀ ಫಾಂಟಾಗಿ ಮಾರುವ ಹಾಗಿಲ್ಲ. ಹೊಸಬರು ಎಡವುವುದು ಇಲ್ಲೇ.

ದಯವಿಟ್ಟು ಮುಂದಿನ ಲೇಖನ ಫೈಲ್ ಸಿದ್ಧಪಡಿಸುವುದು ಮತ್ತು ಲೈಸೆನ್ಸ್ ಬಗ್ಗೆ ಬರಲಿ. ನನ್ನ ಹತ್ತಿರ ಕೆಲಸ ಕಲಿಯುತ್ತಿರುವ ಇಬ್ಬರು ಹುಡುಗಿಯರಿದ್ದಾರೆ. ಅದನ್ನು ಕತ್ತರಿಸಿ ಅವರ ಮೇಜಿನ ಮುಂದೆ ಅಂಟಿಸುತ್ತೇನೆ.

ಇಂತಿ,
ನಿಮ್ಮ ನಿತ್ಯದ ಓದುಗರಲ್ಲೊಬ್ಬಳು